ಬಿಂದು ಅಕ್ಕನ ಅವರೆಕಾಳಿನ ಡಬರಿ

ಹಾಂ, ಅದಕ್ಕೇ ಹೇಳಿದ್ದು, ಬಿಂದು ಅಕ್ಕನ್ನ ಟೀಚರ್ ಅಂತ ಕರೀಬೇಡಿ, ಅವ್ರಿಗೇ ಇಷ್ಟ ಆಗಲ್ಲ. ಅವ್ರು ಮಾಡೋ ಕೆಲ್ಸಕ್ಕೆ ಏನ್ ಹೆಸ್ರು ಅಂತ ನಂಗಿನ್ನೂ ಸರಿಯಾಗಿ ಗೊತ್ತಿಲ್ಲ. ಅವ್ರ ಅಜ್ಜಿ ಮರಿಯಮ್ಮನ್ನ ಕೇಳಿದ್ರೆ "ಅದೇನೋ ಕಾಲೇಜಲ್ಲಿ ಹುಡುಗ್ರ ಕೈಲಿ ಅವರೆಕಾಳು ಹಿಸುಕುಸ್ತಾಳೆ ಕಣಪ್ಪ" ಅಂತಾರೆ. ಅದೂ ಸುಳ್ಳಲ್ಲ. ಅದನ್ನೇ ಹೇಳೋಕೆ ಕೂತಿದೀನಿ, ಸ್ವಲ್ಪ ತಾಳಿ.

ಮೊದ್ಲು ಜಾಗ ಹೇಳ್ಬಿಡ್ತೀನಿ. ಬನಶಂಕರಿ ಕಡೆ ನಮ್ಮ ಯೂನಿವರ್ಸಿಟಿ. ಅದ್ರ ಲೈಬ್ರರಿ ಮೇಲೆ, ಎರಡನೇ ಮಹಡೀಲಿ, ಜೆರಾಕ್ಸ್ ಮಿಷಿನ್ ಪಕ್ಕ ಒಂದು ರೂಮು. ಬಾಗ್ಲಲ್ಲಿ "ಕಲಿಕಾ ಬೆಂಬಲ ಕೇಂದ್ರ" ಅಂತ ಬೋರ್ಡಿದೆ, ನಾವ್ಯಾರೂ ಹಾಗನ್ನಲ್ಲ, ಮೂಲೆ ರೂಮ್ ಅಂತೀವಿ. ಯಾವ್ದಾದ್ರೂ ಸಬ್ಜೆಕ್ಟಲ್ಲಿ ಒದ್ದಾಡ್ತಿರೋ ಡಿಗ್ರಿ ಹುಡುಗ್ರು ಮಧ್ಯಾನ ಮೂರ್ ಗಂಟೆ ಮೇಲೆ ಅಲ್ಲಿಗೆ ಬರ್ತಾರೆ. ಹೇಳ್ಕೊಡೋರೂ ಡಿಗ್ರಿ ಹುಡುಗ್ರೇ, ಆ ಸಬ್ಜೆಕ್ಟಲ್ಲಿ ಚೆನ್ನಾಗ್ ಮಾರ್ಕ್ಸ್ ತೆಗ್ದಿರೋರು. ಅವ್ರಿಗೆ ಪೀರ್ ಟ್ಯೂಟರ್ ಅಂತಾರೆ. ನಾನು, ಹಂಸಾ, ಫೈನಲ್ ಇಯರಲ್ಲಿ ಸ್ಟಾಟಿಸ್ಟಿಕ್ಸ್ ಟ್ಯೂಟರ್ ಆಗಿ ಸೇರ್ಕೊಂಡೆ. ಐದೈದು ಜನ ಟ್ಯೂಟರ್‌ಗಳಿಗೆ ಒಬ್ಬೊಬ್ಬ ಪಿಎಚ್‌ಡಿ ಸ್ಟೂಡೆಂಟು ಮೇಲುಸ್ತುವಾರಿ. ನಮ್ಮ ಐದು ಜನಕ್ಕೆ ಬಿಂದುಶ್ರೀ ಅಕ್ಕ.

ಬಿಂದು ಅಕ್ಕಂಗೆ ಇಪ್ಪತ್ತೆಂಟು ವರ್ಷ. ಬಿಳೇಕಹಳ್ಳಿಯೋರು, ಅಂದ್ರೆ ನಮ್ಮ ಥರ ಬಾಡಿಗೆಗೆ ಬಂದೋರಲ್ಲ, ಅಲ್ಲೇ ಹೊಲ ಇದ್ದೋರು. ಈಗ ಹೊಲ ಇಲ್ಲ, ಆ ಜಾಗದಲ್ಲಿ ಮೂರಂತಸ್ತಿನ ಮನೆ, ಕೆಳಗಡೆ ಅವ್ರಪ್ಪ ಗಂಗಾಧರಯ್ಯನೋರ ಪೈಪು ನಲ್ಲಿ ಅಂಗಡಿ. ಅಕ್ಕ ಕೈಗೆ ತಾತನ ವಾಚು ಕಟ್ಕೊಂಡ್ ಬರ್ತಾರೆ, ದೊಡ್ಡದು, ಮಣಿಕಟ್ಟಲ್ಲಿ ಅಲ್ಲಾಡ್ತಿರತ್ತೆ. ಮಾತು ಕಮ್ಮಿ. ನಗು ಜಾಸ್ತಿ. ಮೊದಲ್ನೇ ದಿನ ನಮ್ಮೈದು ಜನಾನೂ ಕೂರ್ಸಿ ಒಂದೇ ಒಂದು ರೂಲ್ ಹೇಳಿದ್ರು.

"ಯಾರೂ 'ಅರ್ಥ ಆಯ್ತಾ' ಅಂತ ಕೇಳಂಗಿಲ್ಲ. ಕೇಳಿದೋರು ಅವತ್ತಿನ ಟೀ ಫ್ಲಾಸ್ಕ್ ತೊಳೀಬೇಕು."

ನಮ್ಮ ಜೊತೆ ನರೇಂದ್ರ ಅಂತ ಇದ್ದ, ಮ್ಯಾಥ್ಸ್ ಟ್ಯೂಟರ್ರು, ಬಾಯಿ ಸುಮ್ನಿರಲ್ಲ. "ಅಕ್ಕ, ಯಾಕೆ ಅಂತ ಅರ್ಥ ಆಗ್ಲಿಲ್ಲ" ಅಂದ.

"ಗುಡ್. ಅದನ್ನ ಬಾಯ್ಬಿಟ್ಟು ಹೇಳಿದ ಮೊದಲ್ನೇ ಮನುಷ್ಯ ನೀನು" ಅಂದ್ರು ಅಕ್ಕ. ಅಷ್ಟೇ. ವಿವರಣೆ ಗಿವರಣೆ ಏನೂ ಇಲ್ಲ.

ನಂಗೆ ಸಿಕ್ಕಿದ್ದು ಸಂಗಮೇಶ. ಸಿಂದಗಿ ಕಡೆ ಹುಡುಗ, ಹಾಸ್ಟೆಲ್ಲಲ್ಲಿ ಇದ್ದ, ಸೆಕೆಂಡ್ ಇಯರು. ಫಸ್ಟ್ ಇಯರ್ ಸ್ಟಾಟಿಸ್ಟಿಕ್ಸ್ ಪೇಪರ್ ಎರಡು ಸಲ ಬರ್ದು ಎರಡು ಸಲನೂ ಡುಮ್ಕಿ. ನಮ್ಮಲ್ಲಿ ರೂಲ್ ಹೆಂಗಂದ್ರೆ, ಫಸ್ಟ್ ಇಯರ್ ಪೇಪರ್ ಎಲ್ಲಾ ಕ್ಲಿಯರ್ ಆಗ್ದೇ ಇದ್ರೆ ಥರ್ಡ್ ಇಯರ್‌ಗೆ ಬಿಡಲ್ಲ. ಜನವರಿ ಪರೀಕ್ಷೆ ಅವ್ನ ಕೊನೇ ಚಾನ್ಸು. ಅದೂ ಹೋದ್ರೆ ಒಂದ್ ವರ್ಷ ಮನೇಲಿ. ಮನೇಲ್ ಕೂತ್ರೆ ಹಾಸ್ಟೆಲ್ ಸೀಟೂ ಹೋಗತ್ತೆ. "ಒಮ್ಮೆ ಊರಿಗೆ ಹ್ವಾದ್ರ ಹೊಳ್ಳಿ ಬರೂದು ಆಗೂದಿಲ್ರಿ" ಅಂತ ಮೊದಲ್ನೇ ದಿನಾನೇ ಹೇಳಿದ್ದ, ನಗ್ತಾನೇ.

ನಾನು ಜೀವ ಬಿಟ್ಟು ಹೇಳ್ಕೊಟ್ಟೆ. ನಿಜ. ಸೆಪ್ಟೆಂಬರಿಂದ ವಾರಕ್ಕೆರಡು ಸಲ. ಅವ್ನ ನೋಟ್ಸಲ್ಲಿ ನಾನೇ ಲೆಕ್ಕ ಬಿಡಿಸ್ತಿದ್ದೆ, ಮೂರು ಕಲರ್ ಪೆನ್ನಲ್ಲಿ, ಕೆಳಗೆ ಗೆರೆ ಎಳ್ದು. ಅವ್ನು "ಹೂಂ ರೀ, ಹೂಂ ರೀ" ಅಂತಿದ್ದ. "ಅರ್ಥ ಆಯ್ತಾ" ಅಂತ ಒಂದ್ ಸಲಾನೂ ಕೇಳ್ಲಿಲ್ಲ, ರೂಲ್ ಅಲ್ವಾ. "ಓಕೆನಾ?" ಅಂತ ಕೇಳ್ತಿದ್ದೆ. ನೋಡಿ ನನ್ ಬುದ್ಧಿ. ಪ್ರತೀ ಸಲ ರಿಜಿಸ್ಟರಲ್ಲಿ "ಪ್ರಾಬಬಿಲಿಟಿ ಮುಗೀತು, ಸಂಗಮೇಶಂಗೆ ಚೆನ್ನಾಗಿ ಬರತ್ತೆ" ಅಂತ ಬರೀತಿದ್ದೆ.

ನವೆಂಬರ್ ಕೊನೇಲಿ ಸೆಂಟರೋರೇ ಒಂದು ಮಾಡೆಲ್ ಟೆಸ್ಟ್ ಇಟ್ರು. ಎಂಬತ್ತಕ್ಕೆ. ಪಾಸಾಗಕ್ಕೆ ಇಪ್ಪತ್ತೆಂಟು ಬೇಕು. ಸಂಗಮೇಶಂಗೆ ಒಂಬತ್ತು.

ಒಂಬತ್ತು ಕಣ್ರೀ! ಪೇಪರ್ ಹಿಡ್ಕೊಂಡು ಓಡ್ದೆ, ಬಿಂದು ಅಕ್ಕ ಕ್ಯಾಂಟೀನಲ್ಲಿ ರವೆ ಇಡ್ಲಿ ತಿಂತಿದ್ರು.

"ಅಕ್ಕ, ನನ್ ಕೈಲಾಗಲ್ಲ. ಪ್ಲೀಸ್ ನೀವೇ ಅವ್ನಿಗೆ ಹೇಳ್ಕೊಡಿ. ಇನ್ನು ಏಳು ವಾರ ಅಷ್ಟೇ ಇರೋದು. ನೀವ್ ಹೇಳಿದ್ರೆ ಪಾಸಾಗ್ತಾನೆ."

ಅಕ್ಕ ಪೇಪರ್ ನೋಡಿದ್ರು. ಇಡ್ಲಿ ಪೂರ್ತಿ ತಿಂದ್ರು. ಆಮೇಲೆ "ನಾನ್ ಹೇಳಿದ್ರೆ ನನ್ ಮುಂದೆ ಪಾಸಾಗ್ತಾನೆ. ಪರೀಕ್ಷೆ ಹಾಲಲ್ಲಿ ನಾನಿರ್ತೀನಾ?" ಅಂದ್ರು.

"ಮತ್ತೆ?"

"ಗುರುವಾರ ನಿನ್ ಹಿಂದೆ ಕೂರ್ತೀನಿ. ಎಂದಿನ ಥರಾನೇ ಮಾಡು."

ಗುರುವಾರ ಬಂದು ಮೂಲೇಲಿ ಬೆನ್ ತಿರುಗಿಸ್ಕೊಂಡು ಕೂತ್ರು. ನಂಗೆ ಸಮಾಧಾನ, ಸಂಗಮೇಶಂಗೂ ಸಮಾಧಾನ, ಮುಖ ಕಾಣಲ್ವಲ್ಲ. ಮುಕ್ಕಾಲು ಗಂಟೆ ಸಖತ್ತಾಗ್ ಹೇಳ್ದೆ ಅನ್ಕೊಂಡೆ. ಅವ್ನು ಹೋದ್ಮೇಲೆ ಅಕ್ಕ ಒಂದ್ ಚೀಟಿ ಕೊಟ್ರು, ಬಸ್ ಟಿಕೆಟಷ್ಟು ಸಣ್ಣದು. ಅದ್ರಲ್ಲಿ ಹಿಂಗಿತ್ತು:

ಹಂಸಾ ಮಾತು – 41 ನಿಮಿಷ. ಸಂಗಮೇಶ ಮಾತು – 3 ನಿಮಿಷ. ಹೂಂ ರೀ – 27 ಸಲ. ಪೆನ್ನು – ಪೂರ್ತಿ ಹಂಸಾ ಕೈಲಿ.

ಒಂದ್ ಮಾತೂ ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು. ನಂಗೆ ಅಳು ಬಂತು, ಜೊತೇಗೆ ಸಿಟ್ಟೂ ಬಂತು. "ಅವ್ನು ಗೊತ್ತಾಗ್ಲಿಲ್ಲ ಅಂತ ಹೇಳ್ಬಹುದಿತ್ತಲ್ವಾ ಅಕ್ಕ? ನಾನೇನ್ ಹುಲೀನಾ?"

"ನಿಮ್ ಮನೆಗ್ ಯಾರಾದ್ರೂ ಊಟಕ್ ಬಂದು ಸಾರು ಚೆನ್ನಾಗಿಲ್ಲ ಅಂತಾರಾ? ಬಡಿಸ್ತಾ ಇದ್ರೆ ಹೂಂ ಚೆನ್ನಾಗಿದೆ ಅಂತಾನೇ ಅನ್ನೋದು. ದಾಕ್ಷಿಣ್ಯ ಕಣೆ."

ಆಮೇಲೆ ಲೈಬ್ರರಿ ಮೆಟ್ಲ ಮೇಲೆ ಕೂತು ಅವ್ರ ಕತೆ ಹೇಳಿದ್ರು. ಅಲ್ಲೀವರ್ಗೂ ನಂಗೆ ಗೊತ್ತೇ ಇರ್ಲಿಲ್ಲ. ಬಿಂದು ಅಕ್ಕಾನೂ ಡಿಗ್ರಿ ಫಸ್ಟ್ ಇಯರಲ್ಲಿ ಇದೇ ಸ್ಟಾಟಿಸ್ಟಿಕ್ಸಲ್ಲಿ ಫೇಲ್! ಆಗ ಜಯನಗರದಲ್ಲಿ ಬೇರೆ ಕಾಲೇಜು. ಸತ್ಯಭಾಮಾ ಅಂತ ಕ್ಲಾಸಿನ ಟಾಪರ್ ಹುಡುಗಿ, ತುಂಬಾ ಒಳ್ಳೇವ್ಳು, ಪಾಪ ದಿನಾ ಕೂತು ಹೇಳ್ಕೊಟ್ಲಂತೆ. ಅಕ್ಕನ ನೋಟ್ಸ್ ತುಂಬಾ ಅವ್ಳದೇ ಅಕ್ಷರ. "ಎಷ್ಟು ಚಂದ ಇತ್ತು ಗೊತ್ತಾ ನೋಟ್ಸು? ಈಗ್ಲೂ ಇಟ್ಕೊಂಡಿದೀನಿ. ಪರೀಕ್ಷೇಲಿ ಮೊದಲ್ನೇ ಸಾಲೇ ಬರ್ಲಿಲ್ಲ. ಅವ್ಳಿಗೆ ನಾನು ಎಷ್ಟ್ ಸಲ ಹೂಂ ಅಂದಿದ್ನೋ." ಒಂದ್ ವರ್ಷ ಹೋಯ್ತು. ಆ ವರ್ಷ ಅಪ್ಪನ ಅಂಗಡೀಲಿ ಕೂತು ನಲ್ಲಿ, ಎಲ್ಬೋ, ವಾಷರ್ ಮಾರಿದ್ರಂತೆ. ಮನೇಲಿ ಎಲ್ರೂ, ಸಾಕು ಬಿಡಮ್ಮ, ಅಂಗಡಿ ನೋಡ್ಕೊ ಅಂದ್ರಂತೆ.

"ಅಂಗಡೀಲೇ ನಂಗೆ ಬುದ್ಧಿ ಬಂದಿದ್ದು" ಅಂದ್ರು. "ಗಿರಾಕಿಗೆ ನಾನು ಎಲ್ಲಾ ವಿವರ್ಸಿ, ಗೊತ್ತಾಯ್ತಾ ಅಂಕಲ್ ಅಂತಿದ್ದೆ. ಹೂಂ ಅಂದು ತಗೊಂಡ್ ಹೋಗೋರು. ಸಾಯಂಕಾಲ ವಾಪಸ್ ಬರೋರು, ಸೈಜು ತಪ್ಪು. ಅಪ್ಪ ಏನ್ ಮಾಡ್ತಿದ್ರು ಅಂದ್ರೆ, ಗಿರಾಕಿಗೇ ಪೆನ್ನು ಕೊಟ್ಟು, 'ನಿಮ್ಮನೇಲಿ ಪೈಪು ಎಲ್ಲಿಂದ ಎಲ್ಲಿಗೆ ಹೋಗತ್ತೆ, ಈ ರಟ್ಟಿನ ಮೇಲೆ ಗೀಚಿ ಸ್ವಾಮಿ' ಅನ್ನೋರು. ಗೀಚ್ತಾ ಗೀಚ್ತಾ ಅವ್ರಿಗೇ ತಮ್ ತಪ್ಪು ಕಾಣ್ಸೋದು. ಅಪ್ಪ ಸುಮ್ನೆ ಹಲ್ಲಲ್ಲಿ ಕಡ್ಡಿ ಆಡಿಸ್ಕೊಂಡ್ ನಿಂತಿರೋರು."

ಮುಂದಿನ್ ಮಂಗಳವಾರ ಬಂತಲ್ಲ, ಅವತ್ತಿನ್ ಕತೆ ಕೇಳಿ. ಡಿಸೆಂಬರು, ಅವರೆಕಾಯಿ ಕಾಲ. ಬಿಂದು ಅಕ್ಕನ ಮನೇಗೆ ಅವತ್ತು ಸಾಯಂಕಾಲ ನೆಂಟರು ಬರೋರಿದ್ರು, ಹಿತುಕಿದ ಬೇಳೆ ಸಾರು ಆಗ್ಬೇಕು, ಅಜ್ಜಿಗೆ ಬೆರಳು ಊತ. ಹಿತುಕಿದ ಬೇಳೆ ಗೊತ್ತಲ್ಲ? ಬಿಡಿಸಿದ ಕಾಳನ್ನ ನೀರಲ್ಲಿ ನೆನೆ ಹಾಕಿ, ಒಂದೊಂದನ್ನೂ ಬೆರಳಲ್ಲಿ ಹಿಸುಕಿದ್ರೆ ಸಿಪ್ಪೆ ಬಿಟ್ಟು ಬೇಳೆ ಪುಳಕ್ ಅಂತ ಆಚೆ ಬರತ್ತೆ. ಗಂಟೆಗಟ್ಲೆ ಕೆಲ್ಸ. ಅಕ್ಕ ಏನ್ ಮಾಡಿದ್ರು, ನೆನೆದ ಕಾಳನ್ನ ದೊಡ್ಡ ಸ್ಟೀಲ್ ಡಬರೀಲಿ ಹಾಕಿ, ಮೇಲೆ ತಟ್ಟೆ ಮುಚ್ಚಿ, ಟವಲ್ ಕಟ್ಟಿ, ಬಿಳೇಕಹಳ್ಳಿಯಿಂದ ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ಬಂದ್ಬಿಟ್ಟಿದಾರೆ. ಸಂಜೆ ಒಳಗೆ ಮುಗಿಸ್ಕೊಂಡು ಹೋಗೋಣ ಅಂತ.

ಮೂಲೆ ರೂಮಿಗೆ ಬಂದೋರೇ ಡಬರಿ ತಂದು ನನ್ ಮುಂದೆ ಇಟ್ರು. "ಎರಡೂ ಕೈ ಹಾಕು."

"ಅಕ್ಕ, ಸಂಗಮೇಶ ಬಂದಿದಾನೆ…"

"ಗೊತ್ತು. ಅದಕ್ಕೇ ಹಾಕು. ಕೈ ಒದ್ದೆ ಇದ್ರೆ ಪೆನ್ನು ಹಿಡಿಯಲ್ಲ ನೀನು."

ನರೇಂದ್ರ ಆಚೆ ಟೇಬಲ್ಲಿಂದ "ಮಗಾ, ಪಿಎಚ್‌ಡಿ ಗೈಡೆನ್ಸ್ ಅಂದ್ರೆ ಇದೇ ನೋಡು, ಗೈಡ್ ಮನೆ ಅಡುಗೆ ಕೆಲ್ಸ!" ಅಂದ. ಎಲ್ರೂ ನಕ್ರು. ಸಂಗಮೇಶಾನೂ ನಕ್ಕ. ಅಕ್ಕ ಅವ್ನ ಕೈಗೆ ಮಾರ್ಕರ್ ಕೊಟ್ಟು ಬೋರ್ಡ್ ತೋರ್ಸಿದ್ರು.

ಲೆಕ್ಕ ಟೆಸ್ಟಲ್ಲಿ ಬಂದಿದ್ದೇ. ಒಂದು ಫ್ಯಾಕ್ಟರೀಲಿ ಎರಡು ಮಿಷಿನ್. ನೂರು ಬೋಲ್ಟಲ್ಲಿ ಅರವತ್ತು ಒಂದನೇ ಮಿಷಿನ್ನಿಂದು, ನಲವತ್ತು ಎರಡನೇದು. ಒಂದನೇದ್ರಲ್ಲಿ ನೂರಕ್ಕೆ ಐದು ಕೆಟ್ಟಿರತ್ತೆ, ಎರಡನೇದ್ರಲ್ಲಿ ನೂರಕ್ಕೆ ಹತ್ತು. ಕೈಗೆ ಒಂದು ಕೆಟ್ಟ ಬೋಲ್ಟ್ ಬಂದಿದೆ, ಅದು ಎರಡನೇ ಮಿಷಿನ್ನಿಂದು ಆಗಿರೋ ಚಾನ್ಸ್ ಎಷ್ಟು?

ಸಂಗಮೇಶ ಬೋರ್ಡಲ್ಲಿ ಫಾರ್ಮುಲಾ ಬರೆಯಕ್ಕೆ ಹೋದ. ಅರ್ಧಕ್ಕೇ ನಿಲ್ಸ್ದ. ಒರೆಸ್ದ. "ಹತ್ತು ಪರ್ಸೆಂಟ್ ಏನ್ರಿ?" ಅಂದ. ತಪ್ಪು. ನನ್ ಬಾಯ್ತುದೀಲಿ ಉತ್ರ ಕುಣೀತಿದೆ. ಕಾಳು ಹಿಸುಕ್ದೆ. ಅವ್ನು ನನ್ ಮುಖ ನೋಡ್ದ, ನಾನು ಡಬರಿ ನೋಡ್ದೆ. ಒಂದ್ ನಿಮಿಷ. ಎರಡು. ಯಾರಾದ್ರೂ ಮುಂದೆ ನಿಂತು ಒದ್ದಾಡ್ತಿದ್ರೆ ಸುಮ್ನೆ ಕೂರೋದಿದ್ಯಲ್ಲ, ಅಪ್ಪಾ, ಹಲ್ಲು ಕೀಳ್ಸೋದೇ ವಾಸಿ. ಮಧ್ಯ ಒಂದ್ ಸಲ ತಲೆ ಎತ್ತಿ ನೋಡ್ತೀನಿ, ಬಿಂದು ಅಕ್ಕನ ಕೈ ಕೂಡ ಟೇಬಲ್ ಮೇಲಿದ್ದ ಇನ್ನೊಂದು ಮಾರ್ಕರ್ ಕಡೆ ಹೋಗ್ತಿದೆ! ನಿಜವಾಗ್ಲೂ. ಮುಟ್ಟೇ ಬಿಟ್ರು. ಆಮೇಲೆ ಸರಕ್ಕಂತ ಕೈ ವಾಪಸ್ ಎಳ್ಕೊಂಡು ಅವ್ರೂ ಡಬರಿಯೊಳಗೆ ಎರಡೂ ಕೈ ಹಾಕ್ಬಿಟ್ರು, ವಾಚ್ ಸಮೇತ. ನಾವಿಬ್ರೂ ಎದ್ರುಬದ್ರು ಕೂತು ಹಿಸುಕ್ತಾ ಇದೀವಿ, ಪುಳಕ್ ಪುಳಕ್.

ಐದನೇ ನಿಮಿಷಕ್ಕೋ ಆರನೇ ನಿಮಿಷಕ್ಕೋ ಸಂಗಮೇಶ ಮಾರ್ಕರ್ ಕೆಳಗಿಟ್ಟ.

"ತಿಳಿವಲ್ದು ರೀ" ಅಂದ. "ಮೊದ್ಲಿಂದಾನೂ ತಿಳಿದಿಲ್ರಿ. ನೀವು ಅಷ್ಟು ಕಷ್ಟಾಪಟ್ಟು ಹೇಳಾಕತ್ತಿದ್ರಿ, ತಿಳೀಲಿಲ್ಲ ಅಂದ್ರ ನಿಮಗ ಬ್ಯಾಸರಾಗತೈತಿ ಅಂತ ಸುಮ್ನಿದ್ದೆ."

ಬಿಂದು ಅಕ್ಕ, ಯಾರೋ ಟೈಮ್ ಎಷ್ಟು ಅಂತ ಕೇಳ್ದಂಗೆ, "ಸರಿ. ಎಲ್ಲೀವರ್ಗೂ ತಿಳಿದಿದೆ, ಅದನ್ನ ಹೇಳು" ಅಂದ್ರು.

ಅವ್ನು ಬೋರ್ಡ್ ನೋಡ್ದ. ಆಮೇಲೆ ಡಬರಿ ನೋಡ್ದ. ಅಷ್ಟೊತ್ತಿಗೆ ನಾನು ಒಂದ್ ಹುಳ ಬಿದ್ದ ಕಾಳು ಸಿಕ್ತು ಅಂತ ತೆಗ್ದು ಪಕ್ಕಕ್ ಇಟ್ಟಿದ್ದೆ. ಅದನ್ನೇ ನೋಡ್ತಾ ನಿಂತ.

"ಅಕ್ಕಾರ, ಅವು ಬೋಲ್ಟ್ ಅಲ್ಲ, ಕಾಳು ಅಂತ ಅನ್ಕೊಂಡ್ರ ನಡೀತೈತೇನ್ರಿ?"

"ನಿನ್ ಲೆಕ್ಕ, ನಿನ್ ಇಷ್ಟ."

"ಎರಡು ಚೀಲ. ಒಂದ್ರಾಗಿಂದು ಅರವತ್ತು ಕಾಳು, ಇನ್ನೊಂದ್ರಾಗಿಂದು ನಲವತ್ತು." ಮಾರ್ಕರ್ ತಗೊಂಡ. "ಅರವತ್ರಾಗ ನೂರಕ್ಕ ಐದು ಅಂದ್ರ… ಮೂರು ಹುಳಕು. ನಲವತ್ರಾಗ ನೂರಕ್ಕ ಹತ್ತು ಅಂದ್ರ ನಾಲ್ಕು ಹುಳಕು. ಒಟ್ಟು ಹುಳಕು ಏಳು. ಈಗ ಕೈಯಾಗ ಹುಳಕು ಬಂದೈತಿ ಅಂದ್ರ ಛಲೋ ಕಾಳಿಂದು ಮಾತೇ ಬ್ಯಾಡ, ಆ ಏಳ್ರಾಗ ಒಂದು ಅದು." ನಿಂತ. "ಏಳ್ರಾಗ ನಾಲ್ಕು ಎರಡನೇ ಚೀಲದ್ದು." ಬೋರ್ಡ್ ಮೇಲೆ ದೊಡ್ಡದಾಗಿ ಬರ್ದ, ಏಳರಲ್ಲಿ ನಾಲ್ಕು.

ಸರಿ ಉತ್ರ! ನಾನು ಮೂರು ಕಲರ್ ಪೆನ್ನಲ್ಲಿ ಎರಡು ಪುಟ ಬರೀತಿದ್ದೆನಲ್ಲ, ಅದೇ ಉತ್ರ. ನಂಗೆ ಎದ್ದು ಕುಣೀಬೇಕು ಅನ್ಸ್ತು, ಕೈ ತುಂಬಾ ಸಿಪ್ಪೆ. ಬಿಂದು ಅಕ್ಕ "ಇನ್ನೊಂದ್ ಲೆಕ್ಕ" ಅಂದ್ರು ಅಷ್ಟೇ, ಆದ್ರೆ ಮುಖ ನೋಡ್ಬೇಕಿತ್ತು ನೀವು.

ಅವತ್ತು ಅರ್ಧ ಡಬರಿ ಬೇಳೆ ಆಯ್ತು. ಮಾರನೇ ದಿನ ಅಜ್ಜಿ ಹೇಳಿ ಕಳ್ಸಿದ್ರು: "ಯಾವ ಮಕ್ಳೋ ಏನೋ, ಅರ್ಧಕ್ಕರ್ಧ ಬೇಳೆ ಮುರ್ದಾಕವ್ರೆ. ಮೆಲ್ಲಗೆ ಹಿಸುಕಕ್ಕೇಳು." ಹೇಳಿ ಕಳ್ಸಿದ್ದು ಮಾತ್ರ ಅಲ್ಲ, ಗುರುವಾರಕ್ಕೆ ಇನ್ನೊಂದ್ ಡಬರಿನೂ ಕಳ್ಸಿದ್ರು! ಆಮೇಲೆ ಇಡೀ ಡಿಸೆಂಬರ್ ನಮ್ಮೈದು ಟೇಬಲ್ಲಿಗೂ ಒಂದೊಂದು ಬಟ್ಟಲು. ಬಂದಿರೋ ಹುಡುಗ ಬೋರ್ಡ್ ಹತ್ರ, ಟ್ಯೂಟರ್ ಕೈ ಕಾಳಲ್ಲಿ. ರೂಮೆಲ್ಲಾ ಸೊಗಡು ವಾಸನೆ.

ಒಂದಿನ ಸೆಂಟರಿನ ಹೆಡ್ಡು ಸೇತುರಾಮ ಸರ್ ಬಂದ್ಬಿಟ್ರು. ಬಸವನಗುಡಿಯ ಹಳೇ ಮನೆತನ, ಇಸ್ತ್ರಿ ಶರಟು, ಕನ್ನಡಕ ಮೂಗಿನ ತುದೀಲಿ. ಬಾಗ್ಲಲ್ಲೇ ನಿಂತು "ಏನಮ್ಮಾ ಬಿಂದುಶ್ರೀ, ಇದು ಯೂನಿವರ್ಸಿಟಿನೋ ಮಾರ್ಕೆಟ್ಟೋ?" ಅಂದ್ರು.

ಅಕ್ಕ ಎದ್ದು, "ಸಾರ್, ಹತ್ತು ನಿಮಿಷ ಕೂತು ನೋಡಿ. ಆಮೇಲೆ ಬೇಡ ಅಂದ್ರೆ ನಾಳೆಯಿಂದ ತರಲ್ಲ" ಅಂದ್ರು.

ಸರ್ ನರೇಂದ್ರನ ಟೇಬಲ್ ಪಕ್ಕ ಕೂತ್ರು. ಬೋರ್ಡ್ ಹತ್ರ ಇದ್ದ ಫಸ್ಟ್ ಇಯರ್ ಹುಡುಗಿ ಏನೋ ತಪ್ಪು ಬರುದ್ಲು. ಸರ್‌ಗೆ ತಡ್ಕೊಳಕ್ಕಾಗ್ಲಿಲ್ಲ, "ನೋಡಮ್ಮಾ, ಅಲ್ಲಿ ಮೈನಸ್ಸು…" ಅಂತ ಬಾಯ್ ತೆಗುದ್ರು. ನರೇಂದ್ರ ಏನ್ ಮಾಡ್ದ ಗೊತ್ತಾ, ಮಾತಾಡ್ದೆ ಬಟ್ಲನ್ನ ಸರ್ ಮುಂದಕ್ ತಳ್ದ! ಎಲ್ರೂ ಸತ್ವಿ ಅನ್ಕೊಂಡ್ವಿ. ಸರ್ ಅವ್ನನ್ನ ನೋಡಿದ್ರು, ಬಟ್ಲು ನೋಡಿದ್ರು, ಶರಟಿನ ತೋಳು ಮಡಚಿ ಹಿಸುಕೋಕ್ ಶುರು ಮಾಡಿದ್ರು. ಏನ್ ಸ್ಪೀಡ್ ಅಂತೀರ! ಒಂದೂ ಮುರೀಲಿಲ್ಲ. ಹುಡುಗಿ ತಾನೇ ಮೈನಸ್ ಸರಿ ಮಾಡ್ಕೊಂಡ್ಲು. ಹೋಗ್ತಾ ಸರ್ "ಜೆರಾಕ್ಸ್ ಕಡೆ ನೀರು ಚೆಲ್ಬೇಡಿ" ಅಂದ್ರು, ಅಷ್ಟೇ ಪರ್ಮಿಷನ್ನು.

ಸಂಗಮೇಶ ಮಾತ್ರ ದಿನಾ ಬರಕ್ ಶುರು ಮಾಡ್ದ. ಎಲ್ಲಾ ಸಲೀಸಾಗ್ ಆಯ್ತು ಅನ್ಕೋಬೇಡಿ. ಕಾಳಲ್ಲಿ ಮಾಡಿದ್ದನ್ನ ಫಾರ್ಮುಲಾದಲ್ಲಿ ಬರೆಯೋದು ಹೆಂಗೆ ಅಂತ ಎರಡು ವಾರ ಒದ್ದಾಡ್ದ. ಒಂದಿನ ಸಿಟ್ ಬಂದು ಮಾರ್ಕರ್ ಎಸ್ದು ಹೋಗಿದ್ದ, ಮಾರನೇ ದಿನ ತಾನೇ ಬಂದ. ಕ್ರಿಸ್ಮಸ್ ರಜದಲ್ಲಿ ಊರಿಗ್ ಹೋಗ್ಲಿಲ್ಲ. ಈಗ "ತಿಳಿವಲ್ದು" ಅಂತ ಎಷ್ಟ್ ಧೈರ್ಯವಾಗಿ ಹೇಳ್ತಿದ್ದ ಅಂದ್ರೆ ನಂಗೇ ಸುಸ್ತಾಗೋದು. ಅಕ್ಕ ಕೊಡ್ತಿದ್ದ ಚೀಟೀಲಿ ಲೆಕ್ಕ ಬದಲಾಗ್ತಾ ಬಂತು. ಪರೀಕ್ಷೆಗೆ ಮುಂಚಿನ ಕೊನೇ ಚೀಟಿ ನನ್ ಹತ್ರ ಇದೆ: ಹಂಸಾ ಮಾತು – 8 ನಿಮಿಷ. ಸಂಗಮೇಶ – 34. ಹೂಂ ರೀ – 2.

ಜನವರೀಲಿ ಪರೀಕ್ಷೆ ಬರ್ದ. ಆಚೆ ಬಂದು "ಆ ಮಿಷಿನ್ ಲೆಕ್ಕ ಬಂದಿಲ್ರಿ. ಲಾಟರಿ ಚೀಟಿ ಲೆಕ್ಕ ಬಂದಿತ್ತು. ಅದನ್ನೂ ಕಾಳು ಮಾಡ್ದೆ" ಅಂದ. ಬಿಂದು ಅಕ್ಕ ಅವತ್ತು ಗೇಟ್ ಹತ್ರ ಕಾಯ್ತಾ ಇದ್ರು, ಯಾರಿಗೂ ಹೇಳ್ದೆ. ಯಾಕ್ ಬಂದ್ರಿ ಅಕ್ಕ ಅಂದ್ರೆ "ಲೈಬ್ರರಿ ಬುಕ್ಕು ವಾಪಸ್ ಕೊಡ್ಬೇಕಿತ್ತು" ಅಂದ್ರು. ಕೈಲಿ ಬುಕ್ಕೇ ಇರ್ಲಿಲ್ಲ.

ರಿಸಲ್ಟ್ ಮಾರ್ಚಲ್ಲಿ ಬಂತು. ಎಂಬತ್ತಕ್ಕೆ ನಲವತ್ತೊಂದು. ಪಾಸ್ ಗುರು, ಪಾಸ್! ಥರ್ಡ್ ಇಯರ್‌ಗೆ ದಾರಿ ಆಯ್ತು, ಹಾಸ್ಟೆಲ್ ಸೀಟು ಅಲ್ಲೇ ಇದೆ. ಸಂಗಮೇಶ ಬಿಂದು ಅಕ್ಕನ ಕಾಲಿಗ್ ಬೀಳಕ್ ಹೋದ, ಅಕ್ಕ ಹಿಂದಕ್ ಸರ್ಕೊಂಡು "ನಾನೇನ್ ಮಾಡ್ದೆನಪ್ಪಾ, ಸಾರಿಗೆ ಬೇಳೆ ಆಯ್ತು ನಮ್ಮನೇಲಿ" ಅಂದ್ರು.

ಈಗ ಸಂಗಮೇಶಾನೂ ಟ್ಯೂಟರ್ ಆಗ್ತೀನಿ ಅಂತ ಬಂದಿದಾನೆ, ಮಾರ್ಕ್ಸ್ ಕಮ್ಮಿ ಆದ್ರೂ ಅಕ್ಕ ಸೇರಿಸ್ಕೊಂಡಿದಾರೆ. ಹೋದ್ ವಾರ ಮೊದಲ್ನೇ ಸಲ ಹೇಳ್ಕೊಡೋಕ್ ಕೂತ, ಹಿಂದೆ ಬೆನ್ ತಿರುಗಿಸ್ಕೊಂಡು ಬಿಂದು ಅಕ್ಕ. ನಾಲ್ಕನೇ ನಿಮಿಷಕ್ಕೇ ಎದುರಿಗಿದ್ದ ಹುಡುಗನ ಕೈಯಿಂದ ಪೆನ್ ಕಿತ್ಕೊಂಡು "ತಿಳೀತೇನು?" ಅಂದ್ಬಿಟ್ಟ! ಫ್ಲಾಸ್ಕ್ ತೊಳ್ದಿದ್ದು ಅವ್ನೇ.

ನನ್ ಮಾತಲ್ಲಿ ಕೇಳಿದ್ರೆ ಏನೂ ಸಾಲ್ದು, ನೀವೇ ಒಂದ್ಸಲ ಹೋಗಿ ನೋಡ್ಬೇಕು ಅಕ್ಕನ್ನ. ಮಂಗಳವಾರ, ಗುರುವಾರ, ಮೂರ್ ಗಂಟೆ ಮೇಲೆ, ಲೈಬ್ರರಿ ಎರಡನೇ ಮಹಡಿ. ಯಾರೋ ಬೋರ್ಡ್ ಮುಂದೆ ಒದ್ದಾಡ್ತಿರ್ತಾರೆ, ಪಕ್ಕದಲ್ಲಿ ಒಬ್ರು ಸುಮ್ನೆ ಕೂತಿರ್ತಾರೆ, ಮೂಲೇಲಿ ದೊಡ್ ವಾಚ್ ಕಟ್ಕೊಂಡು ಬೆನ್ ತಿರುಗಿಸಿ ಕೂತಿರೋರೇ ಬಿಂದು ಅಕ್ಕ. ಹೋಗಿ ಮಾತಾಡ್ಸಿ, ಹಂಸಾ ಕಳ್ಸಿದ್ಲು ಅನ್ನಿ. ಅವರೆಕಾಯಿ ಕಾಲ ಮುಗೀತು, ಈಗ ಮರಿಯಮ್ಮಜ್ಜಿ ಹುಣಸೆಹಣ್ಣು ಕಳಿಸ್ತಿದಾರೆ, ಬೀಜ ಬಿಡಿಸೋಕೆ. ಬಿಳೀ ಶರಟು ಹಾಕ್ಕೊಂಡ್ ಹೋಗ್ಬೇಡಿ.